ಐಲ್ಸಾ ಟೀಚರ್ ತವರಿಗೆ ಹೊರಟಿದ್ದು

ಒಲೆಯ ಬೂದಿ ಕೆದಕಿ ರಾತ್ರಿಯ ಕೆಂಡ ಇನ್ನೂ ಬದುಕಿದೆಯೇ ಎಂದು ನೋಡುವುದು. ಬದುಕಿದ್ದರೆ ತೆಂಗಿನ ನಾರಿಟ್ಟು ಊದುವುದು, ಸತ್ತಿದ್ದರೆ ಪಕ್ಕದ ಅಡುಗೆ ಗುಡಿಸಲಿನಿಂದ ಗೆರಟೆಯಲ್ಲಿ ಕೆಂಡ ತರುವುದು. ಕೋಕೋಗೆ ನೀರಿಡುವುದು. ನೀರು ಕಾಯುವಷ್ಟರಲ್ಲಿ ಅಂಗಳಕ್ಕೆ ಉದುರಿದ ದೀವಿಹಲಸಿನ ಎಲೆಗಳನ್ನು ಕಡ್ಡಿಪೊರಕೆಯಲ್ಲಿ ಗುಡಿಸುವುದು. ಒಂದೊಂದು ಎಲೆಯೂ ಊಟದ ತಟ್ಟೆಯಷ್ಟು ಅಗಲ, ಒಂದು ಉಳಿದರೂ ಮನೆಯ ಮಾನ ಹೋಯಿತು. ಕೈಗೆ ಎಣ್ಣೆ ಹಚ್ಚಿಕೊಂಡು ಬಾಳೆಕಾಯಿಯ ಸಿಪ್ಪೆ ಕೆರೆದು ಬೇಯಲು ಹಾಕುವುದು. ಕಾಯಿ ತುರಿದು, ಹಿಂಡಿ, ಹಾಲು ತೆಗೆಯುವುದು. ಅತ್ತೆಯನ್ನು ಎಬ್ಬಿಸಿ, ಬೆನ್ನು ಒರೆಸಿ, ಬೇರೆ ಬಟ್ಟೆ ಸುತ್ತಿ, ಗಾಳಿ ಬರುವ ಕಡೆಗೆ ಕೂರಿಸುವುದು. ಮನೆಯ ಮಕ್ಕಳ ಶಾಲೆಯ ಅಂಗಿಗಳಿಗೆ ಕೆಂಡದ ಇಸ್ತ್ರಿ. ಸೊಳ್ಳೆಪರದೆಗಳನ್ನು ಎತ್ತಿ ಕಟ್ಟಿ, ಮಲಗಿದ ಚಾಪೆಗಳನ್ನು ಸುತ್ತಿ ತೊಲೆಯ ಮೇಲಿಡುವುದು. ಬಡಿಸಿದ ತಟ್ಟೆಯನ್ನು ಮೊದಲು ಮಾವನ ಮುಂದೆ, ಆಮೇಲೆ ನಾದಿನಿಯ ಮುಂದೆ, ಆಮೇಲೆ ಗಂಡಸರ ಮುಂದೆ ಇಟ್ಟು, ಅವರು ಉಣ್ಣುವಾಗ ಪಕ್ಕದಲ್ಲಿ ಕೂತು ನೊಣ ಬೀಸುವುದು. ಉಳಿದದ್ದನ್ನು ಒಲೆಯ ಹತ್ತಿರ ನಿಂತೇ ತಿನ್ನುವುದು.

ಇಷ್ಟಾಗುವಷ್ಟರಲ್ಲಿ ಬೆಳಕು ಹರಿದಿರುತ್ತಿತ್ತು. ಆಗ ಐಲ್ಸಾ ಕೈ ತೊಳೆದು, ಕೂದಲು ಕಟ್ಟಿ, ಕಿವಿಯ ಹಿಂದೆ ಒಂದು ಹೂ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಶಾಲೆಯಲ್ಲಿ ಟೀಚರ್ ಆಗಿದ್ದಳಲ್ಲ, ಅಲ್ಲಿ ಮಾಡುವುದು ಕೆಲಸ. ಮನೆಯಲ್ಲಿ ಮಾಡುವುದು ಸೊಸೆತನ.

ನಾನು ಅವಳ ಓರಗಿತ್ತಿ, ಸಿಯೆನಿ. ನನ್ನ ಗಂಡ ಪೆಸಮಿನೊ ಅಣ್ಣ, ಅವಳ ಗಂಡ ಆಪೆಲು ತಮ್ಮ. ಪಕ್ಕದ ಗುಡಿಸಲಿನ ಒಲೆ ನನ್ನದು. ಎಷ್ಟು ಬೆಳಗು ಅವಳಿಗೆ ಕೆಂಡ ಕೊಟ್ಟಿದ್ದೇನೋ, ಎಷ್ಟು ಬೆಳಗು ಅವಳಿಂದ ಇಸಿದುಕೊಂಡಿದ್ದೇನೋ.

ಅವಳು ಸವಾಯಿ ದ್ವೀಪದ ನಮ್ಮೂರಿಗೆ ಬಂದದ್ದು ಸೊಸೆಯಾಗಿ ಅಲ್ಲ. ನ್ಯೂಜಿಲೆಂಡಿನ ತೆಂಕಣ ತುದಿಯಲ್ಲಿ, ಜನರಿಗಿಂತ ಕುರಿಗಳೇ ಹೆಚ್ಚಿರುವ ಒಂದು ಚಳಿಯ ಊರಿನಿಂದ, ಎರಡು ವರ್ಷಕ್ಕೆಂದು ಶಾಲೆಗೆ ಪಾಠ ಹೇಳಲು ಬಂದಳು. ನಾನು ಆಗಷ್ಟೇ ಮದುವೆಯಾಗಿ ಬಂದವಳು, ಅವಳನ್ನು ನೋಡಲು ಹೆಂಗಸರ ಹಿಂದೆ ಇಣುಕಿ ನಿಂತಿದ್ದೆ. ಊರಿನ ಪಡುವಣ ತುದಿಯ ಲಫಾಯೆಲೆ ಮುದುಕ ಅವಳಿಗೆ ತನ್ನ ಮನೆಯಲ್ಲಿ ಇಳಿದುಕೊಳ್ಳಲು ಜಾಗ ಕೊಟ್ಟ. ಸ್ವಾಗತದ ದಿನ, ಹಿರಿಯರು ಕಾವಾ ಬೇರಿನ ರಸ ಕುಡಿದ ಮೇಲೆ ಅವನೆದ್ದು ಮಾತಾಡಿದ: "ನನ್ನ ತಂಗಿ ಲೂಪೆ ತೀರಿಕೊಂಡಾಗಿಂದ ನಮ್ಮನೆ ಮುಂದಿನ ಚಾಪೆ ಖಾಲಿ ಬಿದ್ದಿದೆ. ಇವತ್ತಿಂದ ಈ ಹುಡುಗಿ ಹೆಸರು ಲೂಪೆ. ಇವಳು ನನ್ನ ಮಗಳು."

ಬಂದ ಅತಿಥಿಗಳಿಗೆಲ್ಲ ಇಂಥ ಮಾತು ಹೇಳುವವರಿದ್ದಾರೆ. ಜನ ಚಪ್ಪಾಳೆ ತಟ್ಟಿ ಊಟಕ್ಕೆದ್ದರು.

ಮಗಳ ಬಾಳು ಹೇಗಿರುತ್ತದೆಂದು ಅವಳು ಆ ಮನೆಯಲ್ಲಿ ನೋಡಿದಳು. ಮನೆಯ ಮುಂಭಾಗದ ಚಾಪೆ ಅವಳದು. ಮೀನಿನ ತಲೆ ಅವಳಿಗೆ. ಲಫಾಯೆಲೆಯ ಮಗ ಸಕಾಯೊ, ಆಗ ಹೈಸ್ಕೂಲಿನ ಹುಡುಗ, ತಟ್ಟೆ ತಂದಿಟ್ಟು ತಲೆ ತಗ್ಗಿಸಿ ಹಿಂದಕ್ಕೆ ಸರಿಯುತ್ತಿದ್ದ. ನಮ್ಮಲ್ಲಿ ಅಕ್ಕತಂಗಿಯರೆಂದರೆ ಅಣ್ಣತಮ್ಮಂದಿರು ಹಾಗೆ. ಒಂದು ದಿನ ಅವಳು ಉಂಡ ತಟ್ಟೆ ತೊಳೆಯಲು ತಾನೇ ಎತ್ತಿಕೊಂಡು ಹಿಂದೆ ಹೋದಳಂತೆ. ಅಲ್ಲಿ ಹೊಗೆಯಲ್ಲಿ ಕೂತಿದ್ದ ಹೆಂಗಸರು ಗಾಬರಿಯಾಗಿ ಎದ್ದು ನಿಂತರು.

"ನೀವ್ಯಾಕೆ ನಮ್ಮ ಜೊತೆ ಊಟಕ್ಕೆ ಬರಲ್ಲ?" ಎಂದು ಕೇಳಿದಳು.

"ನಾವಾ?" ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ನಾವು ಸೊಸೇರು, ಟೀಚರ್."

ಶಾಲೆಯಲ್ಲಿ ಅವಳು ಪಟ್ಟ ಪಾಡು ನಮಗೆ ವರ್ಷವಿಡೀ ನಗಲು ಸಾಕಾಯಿತು. ಉಣ್ಣೆಯ ಕಾಲುಚೀಲ ತಂದಿದ್ದಳು. ಕಪ್ಪು ಬೂಟುಗಳು ಪೆಟ್ಟಿಗೆಯೊಳಗೇ ಹಸಿರು ಬೂಷ್ಟು ಹಿಡಿದು, ಕೊನೆಗೆ ಅವುಗಳಲ್ಲಿ ಏಡಿ ಮನೆ ಮಾಡಿತು. ಸೀಮೆಸುಣ್ಣ ಹಸಿಯಾಗಿ ಬೋರ್ಡಿನ ಮೇಲೆ ಮೂಡುತ್ತಿರಲಿಲ್ಲ. ಮಳೆ ಬಂದರೆ ತಗಡಿನ ಮಾಡಿನ ಸದ್ದಿಗೆ ಅವಳ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಮೊದಮೊದಲು ಮಳೆಯ ಮೇಲೆಯೇ ಕೂಗಾಡಿದಳು, ಗಂಟಲು ಕಟ್ಟಿತು. ಆಮೇಲೆ ಮಳೆ ಶುರುವಾದೊಡನೆ ಕೈಬೆರಳಿನ ಸನ್ನೆಯಲ್ಲೇ ಲೆಕ್ಕ ಹೇಳಿಕೊಡುವುದನ್ನು ಕಲಿತಳು. ಈಗಲೂ ನಮ್ಮೂರಿನ ಹೆಂಗಸರು ಬಸ್ಸಿನ ಗದ್ದಲದಲ್ಲಿ ಸನ್ನೆಯಲ್ಲೇ ವ್ಯಾಪಾರ ಮುಗಿಸುತ್ತಾರೆ. ಅದು ಅವಳು ಕಲಿಸಿದ್ದು.

ಮಧ್ಯಾಹ್ನ ಉಂಡ ಮೇಲೆ ಗಣಿತ ಇಟ್ಟಿದ್ದಳು. ಮಕ್ಕಳ ತಲೆಗಳು ಒಂದೊಂದಾಗಿ ವಾಲುತ್ತಿದ್ದವು. ಸೋಮಾರಿಗಳು ಎಂದು ಬೈದಳು. ಬಿಸಿಲು ಏರಿದ ಒಂದು ದಿನ ತಾನೇ ಬೋರ್ಡಿಗೆ ಒರಗಿ, ಸೀಮೆಸುಣ್ಣ ಹಿಡಿದ ಕೈ ಹಾಗೇ ಇದ್ದಂತೆ, ನಿಂತಲ್ಲೇ ನಿದ್ದೆಹೋದಳು. ಮಕ್ಕಳು ಉಸಿರು ಬಿಗಿಹಿಡಿದು ಕೂತರು. ಹೆಡ್‌ಮಾಸ್ಟರು ಕಿಟಕಿಯಲ್ಲಿ ನೋಡಿ, ತುಟಿಗೆ ಬೆರಳಿಟ್ಟು, ತುದಿಗಾಲಲ್ಲಿ ಹೋದರು. ಎಚ್ಚರವಾದಾಗ ಶಾಲೆ ಬಿಟ್ಟಾಗಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅವಳಿಗೆ ಗಾಳಿ ಬೀಸುತ್ತ ಕೂತಿದ್ದಳು. ಮರುದಿನದಿಂದ ಗಣಿತ ಬೆಳಗಿನ ತಂಪಿಗೆ ಬಂತು, ಮಧ್ಯಾಹ್ನ ಕಡಲ ದಂಡೆಯ ಮರದಡಿ ಕಥೆ. ಸೆಕೆಯ ಜೊತೆ ಜಗಳ ಆಡುವುದನ್ನು ಬಿಟ್ಟ ಮೇಲೆ ಅವಳ ಮುಖದ ಕೆಂಪು ಇಳಿಯಿತು.

ಒಂದು ವಿಷಯದಲ್ಲಿ ಮಾತ್ರ ಜಗಳ ಬಿಡಲಿಲ್ಲ. ಶಾಲೆಯ ಅಂಗಳ ಗುಡಿಸಲು ಹುಡುಗಿಯರನ್ನಷ್ಟೇ ಕಳಿಸುವ ರೂಢಿಯಿತ್ತು. ಅವಳು ಪೊರಕೆಯನ್ನು ಹುಡುಗರ ಕೈಗೂ ಕೊಟ್ಟಳು. ತಾಯಂದಿರೇ ಜಗಳಕ್ಕೆ ಬಂದರು. "ನನ್ನ ಮಗ ಪೊರಕೆ ಹಿಡಿಯಕ್ಕಾ ಶಾಲೆಗೆ ಬರೋದು?" ಎಂದರು. "ನಿನ್ನ ಮಗಳು ಅದಕ್ಕೇ ಬರೋದಾ?" ಎಂದಳು. ಮೊದಲು ಪೊರಕೆ ಹಿಡಿದವನು ಸಕಾಯೊ. ಉಳಿದ ಹುಡುಗರು ಅವನನ್ನು "ಅತ್ತಿಗೆ, ಅತ್ತಿಗೆ" ಎಂದು ಕೂಗಿ ಗೇಲಿ ಮಾಡಿದರು. ಅವನು ಗುಡಿಸಿದ ಕಸವನ್ನೆಲ್ಲ ಅವರ ಮೇಲೇ ಎರಚಿದ. ಆಮೇಲೆ ಎಲ್ಲರೂ ಗುಡಿಸಿದರು.

ಎರಡನೆಯ ವರ್ಷ ಶಾಲೆಯ ಮಾಡು ರಿಪೇರಿಗೆ ಆಪೆಲು ಬಂದ. ಬಡಗಿ ಕೆಲಸ ಒಂದು ವಾರದ್ದು. ಅವನು ಮೂರು ತಿಂಗಳು ಮಾಡಿನ ಮೇಲೇ ಇದ್ದ. ಕೆಳಗೆ ಅವಳು ಪಾಠ ಮಾಡುವಾಗ ಮೇಲಿನಿಂದ ಸುತ್ತಿಗೆ ಏಟು ನಿಂತುಹೋಗುತ್ತಿತ್ತು. ಮಕ್ಕಳು ಮಾಡಿನ ಕಡೆ ನೋಡಿ ಮುಸಿಮುಸಿ ನಗುತ್ತಿದ್ದರು.

ಮದುವೆಯ ಮಾತು ಬಂದಾಗ ಒಂದು ತೊಡಕಿತ್ತು. ಒಂದೇ ಊರಿನ ಹೆಣ್ಣು ಗಂಡಿಗೆ ಮದುವೆ ಮಾಡುವುದು ನಮ್ಮಲ್ಲಿ ಒಪ್ಪುವ ಮಾತಲ್ಲ. ಆದರೆ ನನ್ನ ಮಾವ ಮಾತಿನ ಮಲ್ಲ. "ಹುಡುಗಿ ಕಡಲಾಚೆಯವಳು. ಲಫಾಯೆಲೆ ಮಗಳು ಅಂದಿದ್ದು ಪ್ರೀತಿಯ ಮಾತು," ಎಂದು ಎಲ್ಲರನ್ನೂ ಒಪ್ಪಿಸಿದ. ಲಫಾಯೆಲೆ ಕಾವಾದ ಚಿಪ್ಪು ಕೆಳಗಿಟ್ಟು, "ಪ್ರೀತಿಯ ಮಾತೇ. ಆದ್ರೂ ಮಾತೇ," ಎಂದನಂತೆ. ಮದುವೆಯ ಸಡಗರದಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮದುವೆಯ ಮರುದಿನ ಊಟಕ್ಕೆ ಎಲ್ಲರೂ ಸೇರಿದಾಗ ಐಲ್ಸಾ ಅಭ್ಯಾಸಬಲದಿಂದ ಮುಂದಿನ ಚಾಪೆಯ ಮೇಲೆ ಹೋಗಿ ಕೂತಳು. ನಾವು ಹಿಂದಿನಿಂದ ನೋಡುತ್ತಿದ್ದೆವು. ನಮ್ಮ ನಾದಿನಿ ಫುವಾತಿನೊ, ನಮ್ಮ ಗಂಡಂದಿರಿಗೆ ಅಕ್ಕ, ಆ ಮನೆಯ ಒಬ್ಬಳೇ ಮಗಳು, ಬೀಸಣಿಗೆಯನ್ನು ಕೆಳಗಿಟ್ಟಳು.

"ಐಲ್ಸಾ, ನಿನ್ನ ಜಾಗ ಅಲ್ಲಿ," ಎಂದು ಗದ್ದದಿಂದ ಹಿಂಭಾಗ ತೋರಿಸಿದಳು.

"ಮೊನ್ನೆ ಇಲ್ಲೇ ಕೂರಿಸಿದ್ರಿ?"

"ಮೊನ್ನೆ ನೀನು ಬೇರೆ ಮನೆಯಿಂದ ಬಂದಿದ್ದೆ. ಇವತ್ತು ಈ ಮನೆಗೆ ಬಂದಿದೀಯ."

ಅವಳೆದ್ದು ಬಂದು ನನ್ನ ಪಕ್ಕ ಕೂತಳು. ಒಲೆಯ ಹೊಗೆಗೆ ಕಣ್ಣೀರು ಸುರಿಯುತ್ತಿತ್ತು. ಅದು ಬರೀ ಹೊಗೆಯದಿರಲಿಕ್ಕಿಲ್ಲ. ನಾನು ಕೈಗೆ ಒಂದು ಬೇಯಿಸಿದ ಕೆಸುವಿನ ಗಡ್ಡೆ ಕೊಟ್ಟು, "ತಿನ್ನು, ಅವರದ್ದು ಮುಗಿಯೋತನಕ ಕಾದ್ರೆ ಹೊಟ್ಟೆ ಸುಡುತ್ತೆ," ಎಂದೆ. ನಮ್ಮ ಸ್ನೇಹ ಆ ಕದ್ದ ಗಡ್ಡೆಯಿಂದ ಶುರುವಾಯಿತು.

ಅವಳಿಗೆ ಮಕ್ಕಳಾಗಲಿಲ್ಲ. ಶಾಲೆಯನ್ನು ಬಿಡಲಿಲ್ಲ. ಬೆಳಗಿನ ಸೊಸೆತನ, ಹಗಲಿನ ಪಾಠ, ಸಂಜೆಯ ಪ್ರಾರ್ಥನೆ, ಆಮೇಲೆ ಕೇದಗೆಯ ನವಿರಾದ ಎಳೆ ಸೀಳಿ ಹೆಣೆಯುವ ಚಾಪೆ. ಮೊದಲ ಚಾಪೆ ದೋಣಿಯ ಹಾಗೆ ಡೊಂಕಾಯಿತು. ಅದರಲ್ಲಿ ಮರಿಹಂದಿ ಮಲಗಿಸಿದೆವು. ವರ್ಷಗಳು ಕಳೆದ ಮೇಲೆ ಅವಳು ಹೆಣೆದದ್ದನ್ನು ಫುವಾತಿನೊ ಬೆಳಕಿಗೆ ಹಿಡಿದು, ತಪ್ಪು ಸಿಗದೆ, "ಪರವಾಗಿಲ್ಲ," ಎಂದಳು. ಅವಳ ಬಾಯಿಂದ ಅಷ್ಟು ಬಂದರೆ ಹಬ್ಬ. ಅತ್ತೆ ಹಾಸಿಗೆ ಹಿಡಿದ ಮೇಲೆ ಮಗಳ ಕೈಯಲ್ಲಿ ಊಟ, ಸೊಸೆಯರ ಕೈಯಲ್ಲಿ ಉಳಿದದ್ದೆಲ್ಲ. ಅತ್ತೆಯೂ ಹೋದಳು, ಮಾವನೂ ಹೋದ. ಆ ತುದಿಯ ಲಫಾಯೆಲೆಯೂ ತೀರಿಕೊಂಡ. ಸಕಾಯೊ ಆ ಮನೆಯ ಯಜಮಾನನಾದ, ನನ್ನ ಗಂಡ ಪೆಸಮಿನೊ ನಮ್ಮ ಮನೆಗೆ. ಐಲ್ಸಾಳ ಕೂದಲು ಬೆಳ್ಳಗಾಯಿತು. ಊರಿನಲ್ಲಿ ಓದು ಬರೆಹ ಬಲ್ಲ ಹೆಂಗಸರೆಲ್ಲ ಅವಳ ಮುಂದೆ ಕೂತೆದ್ದವರೇ ಆದರು.

ಕಳೆದ ಮಾವಿನ ಕಾಲದಲ್ಲಿ ಆಪೆಲು ಮಧ್ಯಾಹ್ನ ಮಲಗಿದವನು ಏಳಲಿಲ್ಲ.

ಸಾವಿನ ಕೆಲಸಗಳೆಲ್ಲ ಮುಗಿದ ಮೇಲೆ ನನ್ನ ಗಂಡ ಅವಳನ್ನು ಕರೆಸಿದ. ಮಕ್ಕಳಿಲ್ಲದ ಸೊಸೆ ಗಂಡ ಹೋದ ಮೇಲೆ ತವರಿಗೆ ಹೋಗಬೇಕು, ಅದು ಕಟ್ಟಳೆ. ನನ್ನ ಸೋದರತ್ತೆಯನ್ನೂ ಹೀಗೇ ಕಳಿಸಿದ್ದರು. ಅವಳು ಹುಟ್ಟಿದ ಮನೆಗೆ ಬಂದು ಮುಂದಿನ ಚಾಪೆಯಲ್ಲಿ ಕೂತು ಸುಖವಾಗಿಯೇ ಮುದುಕಿಯಾದಳು. ಕೆಟ್ಟ ಮನಸ್ಸಿನಿಂದ ಯಾರೂ ಮಾಡುವುದಿಲ್ಲ. ಆದರೆ ಆಪೆಲು ಕಟ್ಟಿದ ದಂಡೆಯ ಮನೆ ಖಾಲಿಯಾದರೆ ನನ್ನ ಹಿರಿಯ ಮಗನ ಮದುವೆಗೆ ಒದಗುತ್ತದೆ ಎಂಬುದೂ ಪೆಸಮಿನೊನ ತಲೆಯಲ್ಲಿತ್ತು. ಸುಳ್ಳೇಕೆ, ನನ್ನ ತಲೆಯಲ್ಲೂ ಇತ್ತು.

"ಐಲ್ಸಾ, ನೀನು ನಮ್ಮನೇಲಿ ಚೆನ್ನಾಗಿ ನಡ್ಕೊಂಡೆ. ಬರಿಗೈಲಿ ಕಳಿಸಲ್ಲ," ಎಂದ. "ಚಾಪೆ ಕೊಡ್ತೀವಿ, ಬೇಯಿಸಿದ ಹಂದಿ ಕೊಡ್ತೀವಿ. ವಿಮಾನದ ತನಕ ನಾನೇ ಬರ್ತೀನಿ."

"ಎಲ್ಲಿಗೆ ಕಳಿಸ್ತೀರಿ, ಭಾವ?"

"ಎಲ್ಲಿಗೆ ಅಂದ್ರೆ? ನಿನ್ನ ತವರಿಗೆ."

ಅವಳು ಚಾಪೆಯ ಅಂಚನ್ನು ಸವರಿದಳು. "ತವರಿಗೆ. ಸರಿ," ಎಂದಳು.

ನನಗೆ ಸಿಟ್ಟು ಬಂತು. ಅಡುಗೆ ಗುಡಿಸಲಿಗೆ ಎಳೆದುಕೊಂಡು ಬಂದು, "ಸರಿ ಅಂದ್ಯಲ್ಲ! ಅಲ್ಲಿ ಯಾರಿದ್ದಾರೆ ನಿಂಗೆ?" ಎಂದೆ.

"ಅಲ್ಲಾ? ಚಳಿ ಇದೆ. ಅದು ಯಾರನ್ನೂ ಮರೆಯಲ್ಲ."

ಅಪ್ಪ ಅಮ್ಮ ಮಣ್ಣಾಗಿ ಎಷ್ಟೋ ಕಾಲವಾಗಿತ್ತು, ಕುರಿಯ ಹೊಲ ಯಾರದೋ ಪಾಲಾಗಿತ್ತು. ತಾಯಿಯ ಮಣ್ಣಿಗೆಂದು ಒಮ್ಮೆ ಹೋಗಿದ್ದಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನಮ್ಮೂರ ರೂಢಿಯಂತೆ ಕೂತವರ ಮುಂದೆ ಸೊಂಟ ಬಗ್ಗಿಸಿ ನಡೆದಳಂತೆ. ಅಣ್ಣನ ಮಕ್ಕಳು, ಅತ್ತೆಗೆ ಬೆನ್ನು ಹಿಡಿದಿದೆ ಎಂದು ಕುರ್ಚಿ ತಂದುಕೊಟ್ಟರಂತೆ. ಅದನ್ನು ಹೇಳಿ ನಮ್ಮನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದಳು. ಈಗ ಅವಳು ಅಲ್ಲಿಗೆ ಹೋದರೆ, ಯಾರದೋ ಮನೆಯ ಮೂಲೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕಾಲುಚೀಲ ಏರಿಸಿಕೊಂಡು ಸಾಯಬೇಕು. ಶಾಲೆ ಇಲ್ಲಿ, ಮಕ್ಕಳು ಇಲ್ಲಿ, ಆಪೆಲು ಇಲ್ಲೇ ಅಂಗಳದ ಮಣ್ಣಿನಲ್ಲಿ.

ಅವಳು ಒಲೆಗೆ ಗೆರಟೆ ಒಟ್ಟುತ್ತಿದ್ದವಳು ಇದ್ದಕ್ಕಿದ್ದಂತೆ, "ಸಿಯೆನಿ, ಆ ಹಂದಿ ಎಷ್ಟು ದೊಡ್ಡದಿತ್ತು, ನೆನಪಿದೆಯಾ?" ಎಂದಳು.

"ಯಾವ ಹಂದಿ?"

"ಕೊಡೆಯ ಹಂದಿ."

ಯಾರಿಗೆ ನೆನಪಿಲ್ಲ? ಅವಳು ಬಂದ ಹೊಸತರಲ್ಲಿ, ಊರ ಹಿರಿಯರೆಲ್ಲ ಸಭೆ ಕೂತಿದ್ದಾಗ, ಆ ಸಭೆಯ ಮನೆಯ ಮುಂದೆಯೇ ಬಿಚ್ಚಿದ ಕೊಡೆ ಹಿಡಿದು, ಬಾಳೆಹಣ್ಣು ತಿನ್ನುತ್ತ, ನೆಟ್ಟಗೆ ನಡೆದುಹೋಗಿದ್ದಳು. ಮೂರು ತಪ್ಪು ಒಟ್ಟಿಗೆ. ಕೊಡೆ ಮಡಚಬೇಕಿತ್ತು, ಬಾಯಿ ಮುಚ್ಚಬೇಕಿತ್ತು, ಬೆನ್ನು ಬಗ್ಗಿಸಬೇಕಿತ್ತು. ಹಿರಿಯರು ಲಫಾಯೆಲೆಗೆ ಒಂದು ದೊಡ್ಡ ಹಂದಿ ದಂಡ ಹಾಕಿದರು. ಇವಳು ಅಳುತ್ತ, "ತಪ್ಪು ನಂದು, ದಂಡ ನಿಮಗ್ಯಾಕೆ?" ಎಂದಾಗ ಮುದುಕ ನಕ್ಕುಬಿಟ್ಟನಂತೆ. "ಅತಿಥಿ ತಪ್ಪಿದ್ರೆ ಊರು ನಗುತ್ತೆ. ಮಗಳು ತಪ್ಪಿದ್ರೆ ಅಪ್ಪಂಗೆ ದಂಡ ಹಾಕುತ್ತೆ. ನಿನ್ನನ್ನ ನನ್ನ ಮಗಳು ಅಂತ ಊರು ಒಪ್ಪಿದೆ. ಅಳಬೇಡ, ಹಂದಿ ತಿನ್ನು."

"ದೊಡ್ಡದೇ ಇತ್ತು," ಎಂದೆ. "ನಾವು ಸೊಸೇರಿಗೂ ಬಂದಿತ್ತು ಅಂದ್ರೆ ನೋಡು."

"ಹೌದಲ್ಲ," ಎಂದು ಅವಳು ಬೆಂಕಿಯನ್ನೇ ನೋಡುತ್ತಿದ್ದಳು. ದುಃಖದಲ್ಲಿರುವವರಿಗೆ ಹಳೆಯದೆಲ್ಲ ನೆನಪಾಗುತ್ತದೆ ಎಂದುಕೊಂಡೆ.

ಹೊರಡುವ ದಿನ ಊರೇ ದಾರಿಗೆ ಬಂದಿತ್ತು. ಬಣ್ಣದ ಮರದ ಬಸ್ಸು ನಮ್ಮ ಮನೆಯ ಮುಂದೆಯೇ ನಿಂತಿತ್ತು, ಹಾಡು ಜೋರಾಗಿ ಹಾಕಿಕೊಂಡು. ಡ್ರೈವರು ಅವಳ ಶಿಷ್ಯ. ಹಾಡು ನಿಲ್ಲಿಸಿ, "ಟೀಚರ್, ಮುಂದಿನ ಸೀಟು ನಿಮ್ದು. ಯಾರನ್ನೂ ಕೂರಿಸಿಲ್ಲ," ಎಂದ. ಶಾಲೆಯ ಹುಡುಗಿಯರು ಅಳುತ್ತಿದ್ದರು. ಚಾಪೆಗಳ ಸುರುಳಿ ಹೊತ್ತ ಗಂಡಸರು, ತೆಂಗಿನ ಗರಿಯ ಬುಟ್ಟಿಯಲ್ಲಿ ಬೇಯಿಸಿದ ಹಂದಿ ಹೊತ್ತ ಹುಡುಗರು ಸಾಲಾಗಿ ನಿಂತಿದ್ದರು. ಫುವಾತಿನೊ ತನ್ನ ದೊಡ್ಡ ಬೀಸಣಿಗೆಯೊಡನೆ ನೆರಳಿನಲ್ಲಿ ಕೂತಿದ್ದಳು.

ಐಲ್ಸಾ ಆಪೆಲುವಿನ ಸಮಾಧಿಯ ಕಲ್ಲನ್ನು ಮುಟ್ಟಿ ಬಂದಳು. ತನ್ನ ಬಟ್ಟೆಯ ಗಂಟನ್ನು ತಾನೇ ಎತ್ತಿಕೊಂಡಳು. ಬಸ್ಸಿನ ಮೆಟ್ಟಿಲವರೆಗೆ ಬಂದಳು. ಡ್ರೈವರನ ತಲೆ ಸವರಿದಳು. ಆಮೇಲೆ ಬಸ್ಸನ್ನು ದಾಟಿ, ಪಡುವಣ ದಿಕ್ಕಿಗೆ, ದಾರಿ ಹಿಡಿದು ನಡೆದಳು.

"ಐಲ್ಸಾ, ಬಸ್ಸು ಇಲ್ಲಿದೆ!" ಎಂದು ನನ್ನ ಗಂಡ ಕೂಗಿದ.

"ನೋಡ್ದೆ, ಭಾವ."

"ಮತ್ತೆ ಎಲ್ಲಿಗೆ?"

"ತವರಿಗೆ. ಇಷ್ಟು ಹತ್ತಿರಕ್ಕೆ ಬಸ್ಸು ಯಾಕೆ?"

ಸೊಸೆಯನ್ನು ತವರಿಗೆ ಮುಟ್ಟಿಸುವವರೆಗೆ ಉಡುಗೊರೆಯೊಡನೆ ಹಿಂದೆ ನಡೆಯುವುದು ಗಂಡನ ಮನೆಯವರ ಕರ್ತವ್ಯ. ಅವಳು ನಿಲ್ಲಲಿಲ್ಲ, ಇವರು ನಿಲ್ಲುವಂತಿಲ್ಲ. ಚಾಪೆ ಹೊತ್ತವರು, ಹಂದಿ ಹೊತ್ತವರು, ಶಾಲೆಯ ಮಕ್ಕಳು, ನಾವು ಸೊಸೆಯರು, ಎಲ್ಲ ಹಿಂದೆ ಹೊರಟೆವು. ಬಸ್ಸಿನಲ್ಲಿ ಕೂತಿದ್ದವರಿಗೆ ನೋಡದೆ ಹೋಗಲು ಮನಸ್ಸಿಲ್ಲ, ಡ್ರೈವರಿಗೂ ಇಲ್ಲ. ಬಸ್ಸು ಹಿಮ್ಮುಖ ತಿರುಗಿಸಿಕೊಂಡು ಸತ್ತ ಮೀನಿನ ಹಾಗೆ ನಿಧಾನವಾಗಿ ನಮ್ಮ ಹಿಂದೆ ತೇಲಿಬಂತು.

ದಾರಿಯುದ್ದಕ್ಕೂ ಮನೆಗಳಿಂದ ಜನ ಕೂಗುತ್ತಿದ್ದರು.

"ಏ ಸಿಯೆನಿ, ವಿಮಾನ ಆ ಕಡೆಯಿಂದ ಹೊರಡುತ್ತಾ ಇವತ್ತು?"

"ನಂಗೊತ್ತಿಲ್ಲಮ್ಮ, ಬಾ, ನೀನೂ ಬಾ!"

ಸಕಾಯೊ ತನ್ನ ಅಂಗಳದಲ್ಲಿ ಮೈಮೇಲೆ ಅಂಗಿಯಿಲ್ಲದೆ ಕೂತು ಬಲೆ ಹೊಲಿಯುತ್ತಿದ್ದ. ಅಷ್ಟು ಜನ, ಅಷ್ಟು ಚಾಪೆ, ಹಿಂದೆ ಬಸ್ಸು ಬೇರೆ ತನ್ನ ಮನೆಗೆ ಬರುವುದನ್ನು ನೋಡಿ ಎದ್ದು ನಿಂತ. ಐಲ್ಸಾ ಅಂಗಳದ ಅಂಚಿನ ಕಲ್ಲುಸಾಲಿನ ಹೊರಗೇ ನಿಂತಳು. ಗಂಟು ಕೆಳಗಿಡಲಿಲ್ಲ.

"ನಾನು ಲಫಾಯೆಲೆ ಮಗಳು ಲೂಪೆ," ಎಂದಳು. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿ. "ಗಂಡ ತೀರಿಕೊಂಡ. ಗಂಡನ ಮನೆಯವರು ನನ್ನನ್ನ ಕಟ್ಟಳೆ ಪ್ರಕಾರ, ಮರ್ಯಾದೆಯಿಂದ, ತವರಿಗೆ ಕಳಿಸಿದ್ದಾರೆ. ಮನೇಲಿ ಜಾಗ ಇದೆಯಾ?"

ಸಕಾಯೊ ಬಲೆ ಕೆಳಗೆ ಹಾಕಿ, ಬೆನ್ನು ತಿರುಗಿಸಿ ಒಳಗೆ ಹೋದ. ಅವನು ಇಲ್ಲವೆಂದರೆ ಬಸ್ಸು ಹಿಂದೆಯೇ ನಿಂತಿತ್ತು.

ಪೆಸಮಿನೊ ಮುಂದೆ ಬಂದ. "ಐಲ್ಸಾ, ಏನಿದು ಮಕ್ಕಳಾಟ? ಅದು ಸ್ವಾಗತದ ದಿನ ಮುದುಕ ಆಡಿದ ಮಾತು. ಊರಿಗೆ ಬಂದವರಿಗೆಲ್ಲ ಹೇಳ್ತಾರೆ."

"ಬಂದವರಿಗೆಲ್ಲ ದಂಡ ಹಾಕ್ತಾರಾ, ಭಾವ? ನಾನು ಕೊಡೆ ಹಿಡಿದು ಹೋದಾಗ ನೀವೆಲ್ಲ ಲಫಾಯೆಲೆ ಹತ್ರ ಹಂದಿ ತಗೊಂಡ್ರಿ. ಯಾರ ಮಗಳ ತಪ್ಪಿಗೆ ತಗೊಂಡ್ರಿ?"

ಜನರಲ್ಲಿ ಗುಸುಗುಸು ಎದ್ದಿತು. ಹಿಂದೆ ಬಸ್ಸಿನ ಕಿಟಕಿಯಿಂದ ಒಬ್ಬ ಮುದುಕಿ, "ಹೌದು, ನಾನೂ ತಿಂದಿದ್ದೆ! ಚೆನ್ನಾಗಿತ್ತು!" ಎಂದಳು.

ಪೆಸಮಿನೊ ಮುಖ ಕೆಂಪಗೆ ಮಾಡಿಕೊಂಡು ಇನ್ನೊಂದು ವಾದ ಹಿಡಿದ. "ಹಾಗಾದ್ರೆ ನನ್ನ ತಮ್ಮ ಊರ ಮಗಳನ್ನೇ ಮದುವೆ ಆದ ಅಂತಾಯ್ತು. ಸತ್ತವನ ಮಾನ ಕಳೀತೀಯಾ?"

ಆಗ ಫುವಾತಿನೊ ಬಂದಳು. ಭಾರದ ಮೈ, ಬಿಸಿಲಲ್ಲಿ ನಡೆದು ಏದುಸಿರು. ಜನ ದಾರಿ ಬಿಟ್ಟರು. ಮುಗಿಯಿತು ಎಂದುಕೊಂಡೆ. ಐಲ್ಸಾಳನ್ನು ಹಿಂದಕ್ಕೆ ಕಳಿಸಿದವಳೇ ಅವಳಲ್ಲವೇ.

"ಮಾನ ಹೋಗೋದಿದ್ರೆ ಅವತ್ತೇ ಹೋಗ್ಬೇಕಿತ್ತು, ಪೆಸಮಿನೊ," ಎಂದಳು. "ನಮ್ಮಪ್ಪ ಎಲ್ಲರನ್ನೂ ಒಪ್ಪಿಸಿದ. ಆಪೆಲು ಸುಖವಾಗಿ ಸಂಸಾರ ಮಾಡಿದ. ಅನುಮಾನ ಇದ್ರೆ ಅವನನ್ನೇ ಕೇಳು, ಅಂಗಳದಲ್ಲೇ ಮಲಗಿದಾನೆ."

ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ.

"ಮದುವೆ ಮರುದಿನ ಇವಳನ್ನ ಹಿಂದೆ ಕಳಿಸ್ದೋಳು ನಾನು. ಯಾಕೆ? ಸೊಸೆ ಹಿಂದೆ ಕೂರ್ಬೇಕು, ಕಟ್ಟಳೆ. ಗಂಡ ಸತ್ತೋಳು ತವರಿಗೆ ಹೋಗ್ಬೇಕು, ಅದೂ ಕಟ್ಟಳೆ, ನೀನೇ ಹೇಳ್ದೆ. ದಂಡ ಕೊಟ್ಟೋನು ಅಪ್ಪ, ಅದೂ ಕಟ್ಟಳೆ. ಆ ಹಂದಿಯ ತೊಡೆ ನಮ್ಮನೆಗೆ ಬಂತು. ನೀನು ಬೆರಳು ನೆಕ್ಕಿದ್ದನ್ನ ನಾನು ಕಂಡಿದೀನಿ. ಹಂದಿ ನುಂಗಿ ಇವಳ ಅಪ್ಪನನ್ನ ಇಲ್ಲ ಅಂತೀಯಾ?"

"ಅಕ್ಕಾ—"

"ಏನು, ನನ್ನ ಮಾತು ಮೀರ್ತೀಯಾ?"

ಅಕ್ಕನ ಮಾತು ಮೀರಿದ ತಮ್ಮ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಪೆಸಮಿನೊ ತಲೆ ತಗ್ಗಿಸಿ, ಚಾಪೆ ಹೊತ್ತವರಿಗೆ ಇಳಿಸಿ ಎಂದು ಕೈಸನ್ನೆ ಮಾಡಿದ. ಚಾಪೆಗಳು ಸಕಾಯೊನ ಅಂಗಳಕ್ಕೆ ಇಳಿದವು. ಹಂದಿ ಇಳಿಯಿತು. ಶಾಲೆಯ ಹುಡುಗಿಯರು ಕಿರುಚಿದ್ದಕ್ಕೆ ತೆಂಗಿನ ಮರದ ಬಾವಲಿಗಳೆಲ್ಲ ಎದ್ದು ಹಾರಿದವು.

ಸಕಾಯೊ ಹೊರಗೆ ಬಂದ. ಅವನು ಒಳಗೆ ಹೋದದ್ದು ಭಾನುವಾರದ ಅಂಗಿ ಹಾಕಿಕೊಳ್ಳಲು. ಗುಂಡಿ ಮೇಲೆ ಕೆಳಗೆ ಆಗಿತ್ತು. ಕಂಕುಳಲ್ಲಿ ಒಂದು ಹೊಸ ಚಾಪೆ. ಕಲ್ಲುಸಾಲಿನವರೆಗೆ ಬಂದು ಅವಳ ಕೈಯಿಂದ ಗಂಟನ್ನು ತೆಗೆದುಕೊಂಡ.

"ಟೀಚ..." ಎಂದು ತಡೆದ. "ಅಕ್ಕಾ, ದಾರೀಲಿ ನಿದ್ದೆ ಬಂತಾ? ಇಷ್ಟು ತಡ ಮಾಡಿದ್ರಿ."

ಜನ ಕೇಕೆ ಹಾಕಿದರು. ಡ್ರೈವರು ಬಸ್ಸಿನ ಹಾರನ್ನು ಒತ್ತಿ ಹಿಡಿದ. ನನ್ನ ಮಗನ ಮದುವೆಗೆ ಮನೆ ಸಿಕ್ಕಿತೆಂದು ಸಂತೋಷವೋ, ನನ್ನ ಓರಗಿತ್ತಿ ಉಳಿದಳೆಂದು ಸಂತೋಷವೋ, ಎರಡನ್ನೂ ಬೇರೆ ಮಾಡಲಾರದೆ ನಾನು ಪಕ್ಕದವಳನ್ನು ತಬ್ಬಿಕೊಂಡು ಅತ್ತೆ.

ಸಕಾಯೊ ಮನೆಯ ಮುಂಭಾಗದಲ್ಲಿ ಚಾಪೆ ಬಿಡಿಸಿ, ಪಕ್ಕಕ್ಕೆ ಸರಿದು ನಿಂತ. ಅದೇ ಹೊತ್ತಿಗೆ ಹಿಂದಿನ ಅಡುಗೆ ಗುಡಿಸಲಿನಿಂದ ಅವನ ಹೆಂಡತಿ ಲೋತೆ, ಹೊಗೆಗೆ ಕೆಂಪಾದ ಕಣ್ಣು ಒರೆಸುತ್ತ, ಈ ಗದ್ದಲವೇನೆಂದು ಹೊರಗೆ ಬಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಸೊಸೆಗೆ ಯಾರು ಹೇಳುತ್ತಾರೆ. ಐಲ್ಸಾಳನ್ನು ಕಂಡು, ದಿನವೂ ಕರೆಯುವ ಹಾಗೆ, "ಟೀಚರ್ ಅಕ್ಕ, ಬಿಸಿಲಲ್ಲಿ ಯಾಕೆ ನಿಂತಿದೀರ? ಹಿಂದ್ಗಡೆ ಬನ್ನಿ, ನಮ್ಮ ಜೊತೆ ಕೂತ್ಕೊಳ್ಳಿ," ಎಂದು ಕೈಬೀಸಿದಳು.

ಐಲ್ಸಾಳ ಕಾಲು ಆ ಕಡೆಗೇ ಹೊರಟಿತು. ಇಷ್ಟು ವರ್ಷ ಯಾವ ಮನೆಗೆ ಹೋದರೂ ಅದು ಸುತ್ತು ಹಾಕಿ ಹಿಂದಿನಿಂದಲೇ ಒಳಗೆ ಹೋಗುತ್ತಿತ್ತು. ಎರಡು ಹೆಜ್ಜೆ ಹೋಗಿ ನಿಂತಳು. ಸೊಸೆಯರೆಲ್ಲ ನೋಡುತ್ತಿದ್ದೆವು. ನಮ್ಮ ಕಡೆ ಬಂದರೆ ನಮಗೆ ಸಂತೋಷವೇ; ಸಕಾಯೊನೂ ಬೇಡವೆನ್ನುತ್ತಿರಲಿಲ್ಲ. ಫುವಾತಿನೊ ಕೂಡ ಬೀಸಣಿಗೆ ಆಡಿಸುವುದನ್ನು ನಿಲ್ಲಿಸಿದಳು. ಯಾರೂ ಹೀಗೆ ಮಾಡು ಎನ್ನಲಿಲ್ಲ.

ಅವಳು ತಿರುಗಿದಳು. ಮುಂದಿನಿಂದಲೇ ಹತ್ತಿ, ಚಾಪೆಯ ನಡುವೆ ನಡೆದು, ಮುಂದಿನ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಮಡಿಸಿ ಗಟ್ಟಿಯಾಗಿ ಕೂತಳು. ಬಟ್ಟೆ ಸರಿಮಾಡಿಕೊಂಡಳು. ಆಮೇಲೆ ತನ್ನ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಲೋತೆ, ನೀನೇ ಇಲ್ಲಿ ಬಾ," ಎಂದಳು. "ಒಲೆ ನನ್ನ ತಮ್ಮ ನೋಡ್ಕೋತಾನೆ."